ನೂರಕ್ಕೆ ತೊಂಬತ್ತೆರಡು

ಮಂಗಳವಾರ, ಮಾರ್ಚ್ ೧೧

ಪ್ರೀತಿಯ ಅಕ್ಕನಿಗೆ, ನಿನ್ನ ಬಾಯಿಬಡುಕಿ ತಂಗಿಯ ನಮಸ್ಕಾರ.

ನಮ್ಮ ಆಸ್ಪತ್ರೆ ಕೊಟ್ಟ ಮಾತು ಹೀಗಿತ್ತು: ಗರ್ಭಕೋಶದ ಆಪರೇಷನ್ ಆದಮೇಲೆ ಹೆಂಗಸರು ಹೇಗಿದ್ದಾರೆ ಎಂದು ತಿಳಿಯುವ ನಮ್ಮ ಅಧ್ಯಯನಕ್ಕೆ ಪ್ರಶ್ನೆಗಳನ್ನು ಆ ಹೆಂಗಸರೇ ಬರೆಯುತ್ತಾರೆ. ಸಮಿತಿಯಲ್ಲಿ ಅವರ ಪೈಕಿ ಮೂವರಿಗೆ ಮತವಿರುತ್ತದೆ. ಮತದ ಹಕ್ಕು ಕೊಡಲಿಲ್ಲ. ಮೂವರ ಬದಲು ಒಬ್ಬಳನ್ನು ಕರೆದರು. ಆ ಹೆಂಗಸರು ಬರೆದ ಹದಿನಾಲ್ಕು ಪ್ರಶ್ನೆಗಳಲ್ಲಿ ಒಂದನ್ನೂ ಉಳಿಸಲಿಲ್ಲ. ಈಗ ಫಾರಂನಲ್ಲಿರುವುದು ಎರಡೇ: ನೋವು ಹತ್ತಕ್ಕೆ ಎಷ್ಟು? ತೃಪ್ತಿಯೇ, ಹೌದೋ ಇಲ್ಲವೋ?

ಎರಡು ತಿಂಗಳಿಂದ ನಿನಗೆ ಬರೆದಿಲ್ಲ, ಕ್ಷಮಿಸು. ಸಿಟ್ಟು ಇಳಿಯಲಿ ಎಂದು ಕಾದೆ. ಇಳಿಯಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನೆ ಸಭೆ ಇತ್ತು. ಆಪರೇಷನ್ ಆದವರ ಪರವಾಗಿ ಬಂದಿದ್ದವಳು ಒಬ್ಬ ಹೊಲಿಗೆಯಾಕೆ. ಅವಳಿಗೆ ಬಾಗಿಲ ಪಕ್ಕದ ಕುರ್ಚಿ. ಕಾಲು ಗಂಟೆಯಾದ ಮೇಲೆ ಎದ್ದಳು. "ಡಾಕ್ಟ್ರೇ, ನೋವು ಎರಡು ಅಂತ್ಲೇ ಬರ್ಕೊಳ್ಳಿ. ಆದ್ರೆ ಸೀನಿದ್ರೆ ಬಟ್ಟೆ ಒದ್ದೆ. ನಾನು ಜೋರಾಗಿ ನಕ್ಕು ವರ್ಷ ಆಯ್ತು. ಅದು ಹತ್ತಕ್ಕೆ ಎಷ್ಟು, ನೀವೇ ಹೇಳಿ."

ನಮ್ಮ ಮುಖ್ಯಸ್ಥರು ಕನ್ನಡಕ ತೆಗೆದು ಒರೆಸಿದರು. "ನೋಡಮ್ಮಾ, ಸೀನೋದು, ನಗೋದೆಲ್ಲ ಅಳೆಯೋಕಾಗಲ್ಲ."

"ಅಳತೆ ನಂಗೆ ಬಿಡಿ ಸಾರ್. ಟೇಪು ಸದಾ ಕೊರಳಲ್ಲೇ ಇರುತ್ತೆ."

ನಾನೊಬ್ಬಳೇ ನಕ್ಕೆ. ಮುಖ್ಯಸ್ಥರು ನನ್ನತ್ತ ತಿರುಗಿದರು. "ಹದಿನೆಂಟು ವರ್ಷದ ಹಿಂದೆ ಇದೇ ಆಪರೇಷನ್ ಬಗ್ಗೆ ವರದಿ ಬರೆದಿದ್ದು ನೀವೇ ಅಲ್ವೇನ್ರೀ? ನೂರಕ್ಕೆ ತೊಂಬತ್ತೆರಡು ಜನಕ್ಕೆ ತೃಪ್ತಿ ಅಂತ. ಇನ್ನು ಕೇಳೋಕೆ ಏನ್ ಉಳಿದಿದೆ?"

ನನಗೆ ಈ ಹುದ್ದೆ ಕೊಡಿಸಿದ್ದೇ ಆ ವರದಿ. ಈಗ ಅದನ್ನೇ ತೋರಿಸಿ ಸಾವಿರಾರು ಹೆಂಗಸರ ಬಾಯಿ ಮುಚ್ಚಿಸುತ್ತಿದ್ದಾರೆ. ಇನ್ನೊಂದೇ ಸಭೆ, ಆಮೇಲೆ ಫಾರಂ ಅಚ್ಚಿಗೆ ಹೋಗುತ್ತದೆ.

ಮೆಟ್ಟಿಲಿಳಿಯುವಾಗ ಹೊಲಿಗೆಯಾಕೆ ಕೇಳಿದಳು: "ಅಷ್ಟೊಂದು ಹೆಂಗಸ್ರು ಚೆನ್ನಾಗಿದೀವಿ ಅಂದ್ರಾ ಮೇಡಂ? ಯಾರ ಮುಂದೆ ಕೇಳಿದ್ರಿ?"

ಕೆಲಸವಿದೆ ಎಂದು ಹೇಳಿ ಕಾರು ಹತ್ತಿ ಬಂದುಬಿಟ್ಟೆ.

ನಿನ್ನ ಮಗಳಿಗೆ ನನ್ನ ಆಶೀರ್ವಾದ. ಹಲ್ಲುಕಚ್ಚಿ ಸಹಿಸುವ ನಮ್ಮ ವಿದ್ಯೆ ಅವಳಿಗೆ ಬಾರದಿರಲಿ.

ನಿನ್ನ ತಂಗಿ

ತಾ.ಕ.: ಗಂಡಂದಿರ ಮುಂದೆ ಕೇಳಿದ್ದೆ, ಅಕ್ಕಾ. ಅವರು ಮಂಚದ ಪಕ್ಕದಲ್ಲೇ ನಿಂತಿರುತ್ತಿದ್ದರು. ಕೆಲಸ ಬೇಗ ಮುಗಿಯುತ್ತಿತ್ತು. ಆ ತೊಂಬತ್ತೆರಡರಲ್ಲಿ ನೀನೂ ಒಬ್ಬಳು. ಭಾವ, "ಚೆನ್ನಾಗಿದಾಳೆ, ಬರ್ಕೊಳಮ್ಮ" ಅಂದರು. ನೀನು ಗೋಡೆಯ ಕಡೆ ತಿರುಗಿದೆ. ನಾನು 'ಹೌದು' ಎಂದು ಗುರುತು ಹಾಕಿದೆ. ಅಂದಿನಿಂದ ನೀನು ಬಸ್ಸು ಹತ್ತಿ ನಮ್ಮ ಮನೆಗೆ ಬಂದಿಲ್ಲ. ಜಂಭ ಅಂದುಕೊಂಡು ಮುನಿಸಿಕೊಂಡೆನೇ ಹೊರತು ಯಾಕೆಂದು ಒಮ್ಮೆಯೂ ಕೇಳಲಿಲ್ಲ. ನನ್ನ ವರದಿ ಸುಳ್ಳೆಂದು ಎಲ್ಲರೆದುರು ಹೇಳುತ್ತೇನೆ. ನಿನ್ನ ಹೆಸರು ಎತ್ತುವುದಿಲ್ಲ. ಹೇಳಬೇಕೆನಿಸಿದರೆ ನೀನೇ ಬಂದು ಹೇಳು. ಬಸ್ಸು ಬೇಡ, ಕಾರು ತರುತ್ತೇನೆ, ನೀನು ಅಂದಲ್ಲೆಲ್ಲ ನಿಲ್ಲಿಸುತ್ತೇನೆ. ಸಭೆ ಮುಂದಿನ ಗುರುವಾರ, ಮಾರ್ಚ್ ೨೦, ಬೆಳಿಗ್ಗೆ ಹನ್ನೊಂದು ಗಂಟೆಗೆ.