ಗುಡಿಯ ಕಡೆ ವಾಲುವ ನೌಕೆ

ಜನವರಿ ೧೮, ರವಿವಾರ. ರಾಯಚೂರು.

ಅದು ಚೆಂದ ಇಲ್ಲ ಎಂದು ಬರೆಯೋಣವೆಂದರೆ ಸುಳ್ಳಾಗುತ್ತದೆ. ಗೂಗಲ್ ಊರಿನ ಹೊಳೆಗೆ ದೋಣಿ ನಡೆಸುವ ಹುಲಿಗೇಶ ತಂದಿಳಿಸಿದ ಹೊಸ ವಿಹಾರನೌಕೆ ಕತ್ತಿಯ ಹಾಗೆ ಸಪೂರ, ಮೇಲೊಂದು ಗಾಜಿನ ಅಂತಸ್ತು. ಅದರ ಮೂತಿ ಅಲೆ ಸೀಳುತ್ತದಂತೆ. ಕೃಷ್ಣೆಯಲ್ಲಿ ಅಲೆ ಎಲ್ಲಿದೆ?

ಇವತ್ತು ಪರೀಕ್ಷೆಗೆಂದು ನಮ್ಮನ್ನು ಕೂರಿಸಿಕೊಂಡು ಹೊರಟ. ಅಲ್ಲಮಪ್ರಭುವಿನ ಗುಡಿ ಕಂಡೊಡನೆ ಎಲ್ಲರೂ ಎದ್ದು ಆ ಕಡೆಗೆ ಸರಿದು ಕೈಮುಗಿದರು. ನೌಕೆ ವಾಲಿ ನೀರು ಒಳಗೆ ನುಗ್ಗಿತು, ನನ್ನ ಹೆಂಡತಿ ಯಮನಮ್ಮನ ಸೆರಗು ತೊಯ್ದಿತು. ಹರಗೋಲಿನ ಕಾಲದಲ್ಲೂ ಮಂದಿ ಹೀಗೇ ಬಾಗುತ್ತಿದ್ದರು. ಆ ಅಗಲವಾದ ಬುಟ್ಟಿ ಒಂದು ಸುತ್ತು ತಿರುಗಿ ಸುಮ್ಮನಾಗುತ್ತಿತ್ತು.

ಹುಲಿಗೇಶನಿಗೆ ಹೇಳಿದೆ. "ಡಿಸೈನ್ ತಪ್ಪಿಲ್ರೀ ಸರ್, ಮಂದೀದು ತಪ್ಪದ. ಕುಂತಲ್ಲೇ ಕೈಮುಗೀರಿ ಅಂತ ಬೋರ್ಡ್ ಹಾಕ್ತೀನಿ" ಎಂದ. ನೌಕೆ ನಿಲ್ಲಿಸಿರೆಂದು ಹೇಳಲು ದೇವದುರ್ಗದ ತಾಲೂಕು ಕಚೇರಿಗೆ ಫೋನ್ ಮಾಡಿದೆ. ರವಿವಾರ, ಯಾರೂ ಎತ್ತಲಿಲ್ಲ.

ನಾಳೆ ಬೆಳಿಗ್ಗೆ ಮೊದಲ ಸವಾರಿ. ಯಮನಮ್ಮ ಅಕ್ಕತಂಗಿಯರನ್ನೆಲ್ಲ ಕರೆದಿದ್ದಾಳೆ. ಬೇಡವೆಂದೆ.

"ಮದುವಿ ಆದಾಗಿಂದ ನಿಮಗ ಯಾವುದು ಸರಿ ಕಂಡದ ಹೇಳ್ರಿ."

ಹಾಗಾದರೆ ಕುಳಿತೇ ಕೈಮುಗಿ ಎಂದೆ.

"ದೇವರ ಮುಂದ ಕುಂತು ಕೈಮುಗಿಯಾಕ ನಾ ಏನು ಸಾಹೇಬಾ?"

ಈಗ ಮಲಗಿದ್ದಾಳೆ. ತಡೆಯಲು ನನ್ನಿಂದ ಆಗಲಿಲ್ಲ, ಹಾಗಾಗಿ ನಾನೂ ಹೋಗುತ್ತೇನೆ. ಗುಡಿ ಬಂದಾಗ ಎಲ್ಲರೂ ಆ ಕಡೆ ಸರಿಯುತ್ತಾರೆ. ನಾನೊಬ್ಬ ಈ ಕಡೆ, ದೇವರಿಗೆ ಬೆನ್ನು ಮಾಡಿ, ಅಂಚಿನ ಕಂಬಿಗೆ ಒರಗಿ ನಿಲ್ಲಬೇಕು. ಒಬ್ಬ ಮುದುಕನ ಭಾರಕ್ಕೆ ಅಷ್ಟು ದೊಡ್ಡ ನೌಕೆ ನೆಟ್ಟಗಾದೀತೇ?