ಹತ್ತನೆಯ ಅತಿಥಿ

ಸೋಮವಾರ, ಜೂನ್ ೯

ನನ್ನ ಮೇಲಿನ ಸಿಟ್ಟನ್ನು ಜೋಪಾನವಾಗಿ ಸಾಕಿಕೊಂಡಿರುವ ನನ್ನ ಮಗಳು ಚೂಟಿಗೆ,

ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಕಾಗದವಾದರೆ ಹರಿದು ಹಾಕುವ ಮೊದಲು ಒಂದು ಸಲ ಕಣ್ಣಾಡಿಸುತ್ತೀಯ ಎಂಬ ಧೈರ್ಯದಿಂದ ನಿನ್ನ ಗೆಳತಿಯ ವಿಳಾಸಕ್ಕೆ ಬರೆಯುತ್ತಿದ್ದೇನೆ. ನೀನು ಗಂಡನ ಮನೆಯಲ್ಲಿಲ್ಲ, ಅವಳ ಜೊತೆಗಿದ್ದೀಯ ಎಂದು ನನಗೆ ಗೊತ್ತು. ಹೇಗೆ ಗೊತ್ತಾಯಿತೆಂದು ಮುಂದೆ ಹೇಳುತ್ತೇನೆ.

ಮೊದಲು ನನ್ನ ಸುದ್ದಿ. ಬ್ಯಾಡ್ಜ್ ಬಂತು. ಏಪ್ರಿಲ್ ಒಂದರಂದು ಬೆಳಿಗ್ಗೆ ಕೋಣೆ ಬಾಡಿಗೆಯ ಆ್ಯಪ್ ತೆರೆದರೆ ನನ್ನ ಫೋಟೋದ ಪಕ್ಕದಲ್ಲಿ ‘ಶ್ರೇಷ್ಠ ಆತಿಥೇಯೆ’ ಎಂಬ ಮುದ್ರೆ ಕೂತಿತ್ತು. ಏಪ್ರಿಲ್ ಒಂದು ಅಂತ ನಗಬೇಡ, ನಿಜವಾಗಿಯೇ ಬಂದಿತ್ತು. ಮೂವತ್ತೆರಡು ವರ್ಷ ವಾರ್ಡಿನಲ್ಲಿ ಕಾಲು ಸವೆಸಿದ ನರ್ಸಿಗೆ ನಿವೃತ್ತಿಯ ದಿನ ಒಂದು ಗೋಡೆ ಗಡಿಯಾರ ಕೊಟ್ಟು ಕಳಿಸಿದ್ದರು. ಅದೂ ತಿಂಗಳಿಗೇ ನಿಂತುಹೋಯಿತು. ನನ್ನ ಕೆಲಸಕ್ಕೆ ಯಾರಾದರೂ ಸೈ ಎಂದದ್ದು ಇದೇ ಮೊದಲು. ಅದಕ್ಕಾಗಿ ಪಟ್ಟ ಪಾಡು ನಿನಗೆ ಗೊತ್ತೇ ಇದೆ. ಅತಿಥಿಯ ಸಂದೇಶ ಬಂದರೆ ಹಾಲು ಉಕ್ಕಿ ಒಲೆ ಆರಿದರೂ ಸರಿ, ಮೊದಲು ಉತ್ತರ. ವರ್ಷದಲ್ಲಿ ಒಂದೇ ಒಂದು ಬುಕಿಂಗನ್ನೂ ರದ್ದು ಮಾಡಿದವಳಲ್ಲ. ನಾಲ್ಕೇ ಸ್ಟಾರ್ ಕೊಟ್ಟುಹೋದ ಒಬ್ಬ ಪುಣ್ಯಾತ್ಮನ ಮೇಲೆ ಇನ್ನೂ ನನ್ನ ಮುನಿಸು ಇಳಿದಿಲ್ಲ.

ತಲೆ ಕೆಡಿಸಿದವರು ಎದುರುಮನೆಯ ಕಂಡಕ್ಟರ್. ಅವರೂ ಎರಡು ಕೋಣೆ ಬಾಡಿಗೆಗೆ ಬಿಡುತ್ತಾರಲ್ಲ. ಗೇಟಿನಲ್ಲಿ ಸಿಕ್ಕಾಗಲೆಲ್ಲ, ‘ಬ್ಯಾಡ್ಜ್ ಒಂದು ಬರ್ಲಿ ಸಿಸ್ಟರ್, ಆಮೇಲೆ ನೀವು ಬೇಡ ಅಂದ್ರೂ ಜನ ಬರ್ತಾರೆ’ ಎನ್ನುತ್ತಿದ್ದರು. ಅದು ಸಿಗಬೇಕಾದರೆ ಮಾರ್ಚ್ ಕೊನೆಗೆ ಮುಗಿಯುವ ವರ್ಷದಲ್ಲಿ ಹತ್ತು ಅತಿಥಿಗಳು ಉಳಿದು ಹೋಗಿರಬೇಕು. ಮಾರ್ಚ್ ಇಪ್ಪತ್ತರ ಹೊತ್ತಿಗೆ ಒಂಬತ್ತು ಜನ ಆಗಿದ್ದರು. ತಿಂಗಳು ಮುಗಿಯುವುದರೊಳಗೆ ಇನ್ನೊಬ್ಬರು ಬಂದಾರೆಂದು ಹಾಸಿಗೆ ಹಾಸಿಟ್ಟು ಕಾಯುತ್ತಿದ್ದೆ. ಆಗ ನಿನ್ನ ಫೋನು ಬಂತು.

ನೀನು ಕೇಳಿದ್ದು ಇಷ್ಟೇ: ‘ಅಮ್ಮಾ, ಒಂದು ವಾರ ಮೇಲಿನ ಕೋಣೆ ಕೊಡ್ತೀಯಾ?’ ನಾನು, ‘ತಿಂಗಳು ಮುಗೀಲಿ ಚೂಟಿ, ಒಬ್ಬರು ಕಮ್ಮಿ ಇದ್ದಾರೆ’ ಎಂದೆ. ಯಾಕೆ ಬರುತ್ತೀಯ ಎಂದು ಕೇಳಲಿಲ್ಲ. ಒಬ್ಬಳೇ ಬರುತ್ತೀಯಾ ಎಂದೂ ಕೇಳಲಿಲ್ಲ. ಕೆಳಗೆ ಇರುವುದು ಒಂದೇ ಕೋಣೆಯಾದರೂ ನನ್ನ ಪಕ್ಕದಲ್ಲಿ ಮಲಗಿಕೋ ಅನ್ನಬಹುದಿತ್ತು, ಅದೂ ಬಾಯಿಗೆ ಬರಲಿಲ್ಲ. ನೀನು ‘ಸರಿ’ ಎಂದು ಫೋನ್ ಇಟ್ಟೆ.

ಎರಡು ದಿನಕ್ಕೆ ಹತ್ತನೆಯ ಅತಿಥಿ ಬುಕ್ ಮಾಡಿದಳು. ಕೇಳಿರದ ಹೆಸರು, ಮುಖವಿರಬೇಕಾದ ಜಾಗದಲ್ಲಿ ಒಂದು ಹೂಕುಂಡದ ಫೋಟೋ, ನಾಲ್ಕು ದಿನದ ವಾಸ. ಆಗ ಬೀಗದ ಕೈ ಹೊರಮೆಟ್ಟಿಲ ಬಳಿ, ನಂಬರ್ ಒತ್ತಿದರೆ ತೆರೆಯುವ ಪೆಟ್ಟಿಗೆಯಲ್ಲಿರುತ್ತಿತ್ತು. ಬಂದವರು ತಾವೇ ತೆಗೆದುಕೊಂಡು ಹತ್ತಿ ಹೋಗುತ್ತಿದ್ದರು, ನಾನು ಮುಖ ತೋರಿಸುತ್ತಿರಲಿಲ್ಲ. ಎರಡನೆಯ ದಿನ ಮಧ್ಯಾಹ್ನ ಒಂದು ಸಂದೇಶ ಬಂತು. ಒಮ್ಮೆ ಮೇಲೆ ಬಂದು ಹೋಗ್ತೀರಾ, ಸ್ವಲ್ಪ ಮಾತಾಡೋದಿತ್ತು ಎಂದು. ನನ್ನ ಬಳಿ ಬರೆದಿಟ್ಟುಕೊಂಡ ಸಿದ್ಧ ಉತ್ತರಗಳಿವೆ. ಮೂರನೆಯದನ್ನು ಒತ್ತಿದೆ: ‘ತೊಂದರೆ ಏನೆಂದು ಬರೆದು ತಿಳಿಸಿ. ಕೂಡಲೇ ಸರಿಪಡಿಸಲಾಗುವುದು.’ ಸಂದೇಶ ಬಂದು ಒಂದು ನಿಮಿಷವೂ ಆಗಿರಲಿಲ್ಲ. ಆಮೇಲೆ ಅತ್ತಲಿಂದ ಏನೂ ಬರಲಿಲ್ಲ. ಮಂಡಿನೋವಿತ್ತು ಎಂದು ಈಗ ನೆಪ ಹೇಳಬಹುದು, ಬೇಡ.

ಅವಳು ಹೋದ ಮೇಲೆ ಕೋಣೆ ಶುಚಿ ಮಾಡಲು ಹತ್ತಿದೆ. ಹೊರಡುವ ಅತಿಥಿ ಹಾಸಿಗೆ ಸರಿಮಾಡಿ ಹೋದದ್ದನ್ನು ನಾನು ಕಂಡಿಲ್ಲ. ಅಂದು ಹೊದಿಕೆಯಲ್ಲಿ ಒಂದು ಸುಕ್ಕಿರಲಿಲ್ಲ. ಎರಡೂ ದಿಂಬಿನ ಚೀಲಗಳ ಬಾಯಿ ಬಾಗಿಲ ಕಡೆಗಿರದೆ ಗೋಡೆಯ ಕಡೆಗಿತ್ತು. ಅದು ವಾರ್ಡಿನ ನಿಯಮ, ಬಾಗಿಲಲ್ಲಿ ನಿಂತವರಿಗೆ ಚೀಲದ ತೆರೆದ ಬಾಯಿ ಕಾಣಬಾರದು. ನಿನಗೆ ಏಳು ವರ್ಷವಿದ್ದಾಗ ಕಲಿಸಿದ್ದೆ, ತಪ್ಪಿದಾಗಲೆಲ್ಲ ಗದರಿದ್ದೆ. ಆ ದಿಂಬನ್ನು ಎತ್ತಿಕೊಂಡು ಮಂಚದ ತುದಿಯಲ್ಲಿ ಕೂತುಬಿಟ್ಟೆ. ನನ್ನ ಮಗಳು ನನ್ನ ತಲೆಯ ಮೇಲೆಯೇ ನಾಲ್ಕು ದಿನ ಇದ್ದು ಹೋಗಿದ್ದಳು.

ಅಳಿಯನಿಗೆ ಫೋನ್ ಮಾಡಿದೆ. ‘ನಿಮ್ಮ ಮನೇಲೇ ಇದ್ದಾಳಲ್ಲ, ನನ್ನನ್ನೇನು ಕೇಳ್ತೀರಿ?’ ಎಂದರು. ಆ ದನಿ ಕೇಳಿದ ಮೇಲೆ ನೀನು ಯಾಕೆ ಕೋಣೆ ಕೇಳಿದ್ದೆ ಎಂದು ಅರ್ಧ ತಿಳಿಯಿತು. ಬುಕಿಂಗಿನಲ್ಲಿದ್ದ ನಂಬರಿಗೆ ಕರೆ ಮಾಡಿದರೆ ಎತ್ತಿದವಳು ನಿನ್ನ ಗೆಳತಿ; ಅವಳ ಹೆಸರಿನಲ್ಲೇ ನೀನು ಬುಕ್ ಮಾಡಿಸಿದ್ದೆ. ನೀನು ನನ್ನ ಜೊತೆ ಮಾತಾಡಲು ಒಪ್ಪುತ್ತಿಲ್ಲ ಎಂದಳು, ವಿಳಾಸ ಮಾತ್ರ ಕೊಟ್ಟಳು. ಒಳ್ಳೆಯ ಹುಡುಗಿ, ಅವಳನ್ನು ಬೈಯಬೇಡ.

ಇನ್ನು ಬ್ಯಾಡ್ಜಿನ ಫಲ ಕೇಳು. ಎರಡು ತಿಂಗಳಲ್ಲಿ ಏಳು ಅತಿಥಿಗಳು ಬಂದರು. ಮೊದಲು ಇಷ್ಟು ಜನ ಬರಲು ಅರ್ಧ ವರ್ಷಕ್ಕೂ ಹೆಚ್ಚು ಬೇಕಿತ್ತು. ಕಂಡಕ್ಟರ್ ತಾವೇ ಗೆದ್ದವರಂತೆ ಓಡಾಡಿದರು. ನನಗೋ ಅನುಮಾನ. ನೀನು ಹೋದ ಮೇಲೆ ಬೀಗದ ಕೈಯನ್ನು ನಾನೇ ಕೈಗೆ ಕೊಡುತ್ತಿದ್ದೆ, ಹಾಗೆ ಕೊಡುವಾಗ ಒಬ್ಬೊಬ್ಬರನ್ನೂ ಕೇಳಿದೆ. ಒಬ್ಬರು, ಹೌದು, ಬ್ಯಾಡ್ಜ್ ನೋಡಿಯೇ ಬಂದೆ ಎಂದರು. ಇನ್ನೊಬ್ಬರು ಯಾವ ಬ್ಯಾಡ್ಜು ಎಂದು ನನ್ನ ಸೆರಗಿನತ್ತ ನೋಡಿದರು. ಮಿಕ್ಕ ಐವರು ಬಂದದ್ದು ಒಂದು ರಿವ್ಯೂ ಓದಿ. ನೀನು ಬರೆದದ್ದು. ‘ಮನೆಯೊಡತಿ ಕೆಳಗಿರುತ್ತಾರೆ. ಬೆಳಿಗ್ಗೆ ಅವರು ಪಾತ್ರೆ ಇಡುವ ಸದ್ದು ಕೇಳಿಸುತ್ತದೆ. ಬಹಳ ದಿನಗಳ ಮೇಲೆ ಇಲ್ಲಿ ನಿದ್ದೆ ಬಂತು.’ ಅದರ ಕೆಳಗೆ ಐದಕ್ಕೆ ಐದು ಸ್ಟಾರ್.

ಪರೀಕ್ಷೆ ಬರೆಯಲು ಬಂದಿದ್ದ ಹೆಂಗಸೊಬ್ಬರು, ‘ಅದನ್ನ ಓದಿದ್ಮೇಲೆ ಬೇರೆ ಕಡೆ ಹುಡುಕ್ಲೇ ಇಲ್ಲ’ ಎಂದರು. ನಾನು ಒಳಗೆ ಹೋಗಿ ಅತ್ತೆ. ಊರಿನವರಿಗೆಲ್ಲ ನಿದ್ದೆ ಬರುವ ಮನೆಯಲ್ಲಿ ಮಗಳಿಗೊಂದು ಜಾಗ ಕೊಡದವಳು ನಾನು. ತಪ್ಪಾಯಿತು ಚೂಟಿ. ಬಂದು ಎಲ್ಲ ಹೇಳು. ಹೇಳುವುದು ಬೇಡವೆನಿಸಿದರೆ ಸುಮ್ಮನೆ ಬಂದು ಮಲಗು. ಕೋಣೆಯನ್ನು ನಿನ್ನೆ ಪಟ್ಟಿಯಿಂದ ತೆಗೆದೆ. ಮುಂದಿನ ತಿಂಗಳಿನ ಎರಡು ಬುಕಿಂಗನ್ನೂ ರದ್ದು ಮಾಡಿದೆ. ಬ್ಯಾಡ್ಜ್ ಹೋಗುತ್ತದಂತೆ, ಹೋಗಲಿ.

ಎಷ್ಟು ತಡವಾದರೂ ನಿನ್ನ ಉತ್ತರಕ್ಕೆ ಕಾಯುವ,
ನಿನ್ನ ಅಮ್ಮ

ತಾ.ಕ.: ದಿಂಬು ನೋಡಿ ಗೊತ್ತಾಯಿತು ಎಂದು ಮೇಲೆ ಬರೆದೆನಲ್ಲ, ಅದು ಸುಳ್ಳು. ಹೊರಮೆಟ್ಟಿಲಿನ ಏಳನೆಯದನ್ನು ತುಳಿಯದೆ ದಾಟುವವಳು ನೀನೊಬ್ಬಳೇ. ಚಿಕ್ಕವಳಿದ್ದಾಗ ಅಲ್ಲಿ ಬಿದ್ದು ಗದ್ದ ಒಡೆದುಕೊಂಡಿದ್ದೆ. ಎರಡನೆಯ ದಿನ ಬೆಳಿಗ್ಗೆಯೇ ಅಡುಗೆಮನೆಯಲ್ಲಿ ನಿಂತು ನಿನ್ನ ಹೆಜ್ಜೆ ಎಣಿಸಿದ್ದೆ, ಆರರ ನಂತರ ಎಂಟು. ಮಧ್ಯಾಹ್ನ ಮೇಲೆ ಬನ್ನಿ ಎಂಬ ಸಂದೇಶ ಬಂದಾಗ ಕರೆಯುತ್ತಿರುವವಳು ಯಾರೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಹತ್ತಿ ಬಂದಿದ್ದರೆ ನೀನು ಮಗಳಾಗಿಬಿಡುತ್ತಿದ್ದೆ, ಹತ್ತನೆಯ ಅತಿಥಿ ಇಲ್ಲವಾಗುತ್ತಿದ್ದಳು. ಅದಕ್ಕೇ ಮೂರನೆಯ ಉತ್ತರ ಒತ್ತಿದೆ. ಇದನ್ನು ಓದಿದ ಮೇಲೂ ಬರಬೇಕೆನಿಸಿದರೆ ಬಾ. ನಂಬರ್ ಪೆಟ್ಟಿಗೆ ಕಿತ್ತಿದ್ದೇನೆ, ಮೇಲಿನ ಬಾಗಿಲಿಗೆ ಬೀಗ ಹಾಕಿಲ್ಲ. ನೀನು ಎಂದಿನಂತೆ ಹತ್ತು, ಏಳನೆಯ ಮೆಟ್ಟಿಲಿನ ಸದ್ದು ತಪ್ಪಿದ ಕೂಡಲೇ ನಾನು ಮೇಲೆ ಬರುತ್ತೇನೆ.