ಅಕ್ಕನ ಊರಿಗೆ ಆರೂವರೆ ಗಂಟೆ

ಮಾರ್ಚ್ 3, ಬೆಳಗ್ಗೆ

ಮರಿ ಮಾಡಿಸುವ ಯಂತ್ರದಲ್ಲಿ ಮೊಟ್ಟೆಯ ಟ್ರೇಗಳನ್ನು ತಿರುಗಿಸಿ ಬಂದೆ. ಬಿಸಿ ಸರಿಯಾಗಿದೆ. ಈ ಬ್ಯಾಚ್ ಚೆನ್ನಾಗಿ ಒಡೆಯುತ್ತೆ, ನೋಡಿದರೇ ಗೊತ್ತಾಗುತ್ತೆ.

ಅಕ್ಕನ ಫೋನ್. ಕೆಲಸ ಹೋದ ಮೇಲೆ ಮೊದಲ ಸಲ ಗಲಗಲ ಮಾತಾಡಿದಳು. ಕೋಳಿ ಶೆಡ್ ರೆಡಿಯಂತೆ. ನಮ್ಮ ಮರಿಗಳೇ ಬೇಕಂತೆ, ಇನ್ನೂರು. ಹಿಂದಿನಿಂದ ಭಾವ, "ವಿಮಾನದಲ್ಲಿ ಕೋಳಿಮರಿ ತರಿಸ್ತಾಳಂತೆ! ಅವು ಸತ್ರೆ ಆ ಶೆಡ್ಡಲ್ಲಿ ನನ್ನ ಕಾರ್ ನಿಲ್ಲಿಸ್ತೀನಿ." ನಿಲ್ಲಿಸಲಿ ನೋಡೋಣ. ಐದು ಸಾವಿರ ಕಿಲೋಮೀಟರ್, ನೇರ ವಿಮಾನ, ಆರೂವರೆ ಗಂಟೆ. ಅದೇನು ಮಹಾ.

"ನೀನ್ಯಾವಾಗ ಬರ್ತೀಯೇ?" ಅಂದಳು. ಟ್ರೇ ಬಿಟ್ಟು ಹೇಗೆ ಬರಲಿ ಅಂದೆ. ಎಂಟು ವರ್ಷದಿಂದ ಅದೇ ಪ್ರಶ್ನೆ, ಅದೇ ಉತ್ತರ.

ಮಾರ್ಚ್ 7

ನಮ್ಮ ಯಜಮಾನರಿಗೆ ಲೆಕ್ಕ ಹೇಳಿದೆ. "ಆರೂವರೆ ಗಂಟೆ ವಿಮಾನದ್ದು ಕಣೇ. ಮರಿಗೆ ಮೊಟ್ಟೆ ಒಡೆದಾಗಿಂದಲೇ ಪ್ರಯಾಣ ಶುರು" ಅಂದರು. ಹೌದಲ್ಲ! ಇಷ್ಟು ವರ್ಷ ಮರಿ ಮಾಡಿಸಿದವಳು ಟಿಕೆಟ್ ಕೊಳ್ಳೋರ ಥರ ಲೆಕ್ಕ ಹಾಕಿದ್ದೆ. ನಾಚಿಕೆಯಾಯಿತು. ತೋರಿಸಿಕೊಳ್ಳಲಿಲ್ಲ.

ಹೊಟ್ಟೆಯೊಳಗೆ ಉಳಿದ ಮೊಟ್ಟೆಯ ಹಳದಿಯೇ ಮರಿಯ ಬುತ್ತಿ. ಮೂರು ದಿನಕ್ಕೆ ಸಾಕು. ಆದರೆ ಎಲ್ಲ ಮೊಟ್ಟೆ ಒಟ್ಟಿಗೆ ಒಡೆಯೋದಿಲ್ಲ; ಮೊದಲು ಒಡೆದವು ಹೊರಡೋ ಹೊತ್ತಿಗೇ ಅರ್ಧ ಮುಗಿಸಿರುತ್ತವೆ. ಕೊನೆಯವನ್ನೇ ಕಳಿಸಬೇಕು.

ಮಾರ್ಚ್ 9, ಮಧ್ಯಾಹ್ನ

ಕೊನೆಗೆ ಒಡೆದವು ಮೈ ಒಣಗಿದ ಕೂಡಲೇ ಪೆಟ್ಟಿಗೆಗೆ. ನೂರಾ ನಲವತ್ತೇ ಆದವು. "ಕಡಿಮೆ ಆಯ್ತಲ್ಲೇ..." ಅಕ್ಕನ ರಾಗ. ಗಟ್ಟಿ ಇರೋದನ್ನ ಕಳಿಸ್ತಿದ್ದೀನಿ ಸುಮ್ಮನಿರು ಅಂದೆ. ಸಂಜೆ ವಿಮಾನ.

ಮಾರ್ಚ್ 10, ಬೆಳಗ್ಗೆ

ಅಲ್ಲಿ ದಟ್ಟ ಮಂಜು. ವಿಮಾನ ಬೇರೆ ಊರಿನಲ್ಲಿ ಇಳಿದು ಕೂತಿದೆ. ಯಾವಾಗ ಹೊರಡುತ್ತೋ... ಕಾರ್ಗೋದವನಿಗೆ ನಾಲ್ಕು ಸಲ ಫೋನ್. "ಮೇಡಂ, ಪೆಟ್ಟಿಗೆ ಒಳಗೆ ಬೆಚ್ಚಗಿವೆ. ನನ್ನ ಕಿವಿ ತೂತಾಗೋ ಹಾಗೆ ಕಿರುಚ್ತಿವೆ. ನೀವು ಆರಾಮಾಗಿರಿ."

ಭಾವನ ಮೆಸೇಜ್ — ಕಾರಿನ ಫೋಟೋ. ಬರೀ ಫೋಟೋ. ಮನುಷ್ಯನಾ ಅದು!

ಹೆದರಿಲ್ಲ. ಸರಿ, ಸ್ವಲ್ಪ ಹೆದರಿದ್ದೀನಿ. ಬುತ್ತಿ ಇದೆ ಇನ್ನೂ.

ಮಾರ್ಚ್ 12

ನಿನ್ನೆ ಬರೆಯಲಿಲ್ಲ. ಕೈಯಿಂದ ಫೋನ್ ಇಳಿಸಿದ್ದರೆ ತಾನೇ.

ಬೆಳಗ್ಗೆ ಅಕ್ಕನ ಕರೆ. ಫೋನನ್ನು ಪೆಟ್ಟಿಗೆ ಮೇಲೆ ಹಿಡಿದಿದ್ದಳು. ಅಬ್ಬಾ, ಏನು ಗಲಾಟೆ! ಎರಡು ಹೋಗಿವೆ. ಉಳಿದವೆಲ್ಲ ಗಟ್ಟಿ. ಭಾವ ಮಂಡಿಯೂರಿ ಕೂತು ಒಂದೊಂದರ ಕೊಕ್ಕನ್ನೂ ನೀರಿಗೆ ಮುಟ್ಟಿಸ್ತಿದ್ದಾರಂತೆ. ಕಾರು ರಸ್ತೆಯಲ್ಲೇ ಇದೆ.

ಅಕ್ಕ ಅತ್ತಳು. ನಾನೂ ಅತ್ತೆ. ಆಮೇಲೆ ಮೂಗೊರೆಸಿಕೊಂಡು ಕೇಳಿದಳು, "ಮೊನ್ನೆ ಹುಟ್ಟಿದ ಮರಿಗಳೇ ಬಂದ್ವು. ನಿನಗೇನೇ ಧಾಡಿ?"

ಟ್ರೇ ಅನ್ನಲು ಬಾಯಿ ತೆರೆದೆ. ಇವರು ಹೊಸ ಬ್ಯಾಚಿನ ಟ್ರೇ ತಿರುಗಿಸುತ್ತಿದ್ದವರು ತಲೆಯೆತ್ತದೆ, "ನಾನು ನೋಡ್ಕೋತೀನಿ, ಹೋಗೇ" ಅಂದರು.

ಮಾರ್ಚ್ 19, ಬೆಳಗ್ಗೆ

ಟ್ಯಾಕ್ಸಿ ಬಾಗಿಲಲ್ಲಿದೆ. ನೇರ ವಿಮಾನ, ಆರೂವರೆ ಗಂಟೆ. ಇವರು ಮಾತ್ರ ಬ್ಯಾಗಿಗೆ ಬುತ್ತಿ ತುರುಕುತ್ತಿದ್ದಾರೆ, ಮೂರು ದಿನಕ್ಕಾಗುವಷ್ಟು. ರೀ, ಸಾಕು, ನಾನೇನು ಮರಿ—